ಸೀಮೆಸುಣ್ಣದ ಗುರುತು

“ಗುರುಗಳೇ, ದಿನವೂ ಸಂಜೆ ಕುಳಿತು ನನ್ನ ಮನಸ್ಸಿನ ತಪ್ಪುಗಳನ್ನು ಒಂದೊಂದಾಗಿ ಹುಡುಕಿ ತಿದ್ದುತ್ತೇನೆ. ತಿದ್ದಿದಷ್ಟೂ ಅದು ಕದಡುತ್ತಿದೆ. ಈಗೀಗ ನಿದ್ದೆಯೂ ಇಲ್ಲ. ಇನ್ನೂ ಎಷ್ಟು ತಿದ್ದಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಳೆಗಾರನಿದ್ದ. ಪಕ್ಕದ ಊರಿನ ಮದುವೆ ಮನೆಯಲ್ಲಿ ಅವನು ಮಧ್ಯಾಹ್ನದೊಳಗೆ ಮದುಮಗಳಿಗೆ ಬಳೆ ತೊಡಿಸಬೇಕಿತ್ತು. ಆ ಮನೆಯ ಹೆಣ್ಣುಮಕ್ಕಳಿಗೆ ಅವನ ತಂದೆಯ ಕಾಲದಿಂದಲೂ ಈ ಬಳೆಗಾರನ ಮನೆಯದೇ ಬಳೆ. ಬೆಳಿಗ್ಗೆ ನೋಡಿದರೆ ಸೈಕಲ್ಲಿನ ಮುಂದಿನ ಚಕ್ರದಲ್ಲಿ ಮೂರು ಕಡ್ಡಿಗಳು ಮುರಿದಿದ್ದವು. ಚಕ್ರ ಓಲಾಡಿದರೆ ಪೆಟ್ಟಿಗೆಯೊಳಗಿನ ಗಾಜು ಉಳಿಯುವುದಿಲ್ಲ. ಮನೆಯಲ್ಲಿ ಹೊಸ ಕಡ್ಡಿಗಳಿದ್ದವು. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಟೈರು ಬಿಚ್ಚಿ, ಮೂರನ್ನೂ ತಾನೇ ಹಾಕಿದ.

ಇನ್ನು ಚಕ್ರ ನೇರವಾಗಬೇಕು. ಅದನ್ನು ತಿರುಗಿಸಿ, ರಿಮ್ಮಿನ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದ. ರಿಮ್ಮು ಎಲ್ಲಿ ಹೊರಗೆ ಬಾಗಿದೆಯೋ ಅಲ್ಲಿ ಗುರುತು ಬೀಳುತ್ತದೆ. ಗುರುತು ಬಿದ್ದಲ್ಲಿ ಎದುರು ಬದಿಯ ಕಡ್ಡಿಯನ್ನು ಬಿಗಿ ಮಾಡಿದ. ಬಿಸಿಲು ನೋಡಿದ. ಮತ್ತೆ ತಿರುಗಿಸಿದ. ಗುರುತು ಇನ್ನೊಂದು ಕಡೆ ಬಿತ್ತು. ಅಲ್ಲಿಯೂ ಬಿಗಿ ಮಾಡಿದ. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಮತ್ತೆ ತಿರುಗಿಸಿದ. ಈ ಸಲ ಎರಡು ಗುರುತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು: “ರೀ, ಅಲ್ಲಾಡ್ತಿರೋದು ಚಕ್ರಾನೋ, ನಿಮ್ಮ ಕೈಯೋ? ಕೈನ ಸೈಕಲ್ಲಿಗೆ ಆನಿಸ್ಕೊಂಡು ಹಿಡೀಬಾರದಾ?”

“ಇಪ್ಪತ್ತು ವರ್ಷದಿಂದ ಬಳೆ ತೊಡಿಸ್ತಿರೋ ಕೈ ಕಣೇ ಇದು. ಇವತ್ತಿನವರೆಗೂ ಒಬ್ಬಳಿಗೂ ಒಂದು ಗೀರು ಬಿದ್ದಿಲ್ಲ. ನೀನು ಹೋಗಿ ಪೆಟ್ಟಿಗೆ ಕಟ್ಟು.”

“ಕಟ್ಟಿ ಆಗಲೇ ಒಂದು ಗಂಟೆ ಆಯ್ತು” ಎಂದಳು ಅವಳು.

ಅವನು ಗುರುತು ಬಿದ್ದಲ್ಲೆಲ್ಲ ಬಿಗಿ ಮಾಡುತ್ತಲೇ ಹೋದ. ಕೊನೆಗೆ, ಗಟ್ಟಿಯಾಗಿದ್ದ ಹಳೆಯ ಕಡ್ಡಿಯೊಂದು ಟಣ್ಣೆಂದು ತುಂಡಾಯಿತು. ಚಕ್ರ ಸೊಟ್ಟಗಾಗಿ, ತಿರುಗದೆ ನಿಂತುಬಿಟ್ಟಿತು. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಓಡಿದ. ಅಷ್ಟರಲ್ಲಿ ಮದುಮಗಳು ಬೇರೊಬ್ಬನ ಬಳೆ ತೊಟ್ಟು ಹಸೆಗೆ ಏರಿದ್ದಳು.

ಶಿಷ್ಯ ನಕ್ಕ. “ಹೆಂಡತಿ ಅಷ್ಟು ಬಿಡಿಸಿ ಹೇಳಿದರೂ ಆ ಮನುಷ್ಯನಿಗೆ ತಿಳಿಯಲಿಲ್ಲವೇ?”

ಗುರುಗಳು ಕೇಳಿದರು: “ನಿನ್ನ ಮನಸ್ಸಿನ ಮೇಲೆ ಗುರುತು ಹಾಕುತ್ತಿರುವುದು ಯಾವ ಮನಸ್ಸು?”