ಬಿಸಿಲು ಕಂಡ ಮರಳು

“ಗುರುಗಳೇ, ಗೆಳೆಯನೊಬ್ಬನ ಮೇಲೆ ನನಗೆ ಅನುಮಾನ ಬಂದಿದೆ. ಅವನಿಗೆ ತಿಳಿಯದಂತೆ ಒಮ್ಮೆ ಪರೀಕ್ಷಿಸಿ ನೋಡಿಬಿಟ್ಟರೆ ಮನಸ್ಸು ಹಗುರವಾಗುತ್ತದಲ್ಲವೇ?” ಎಂದು ಗಿರಿಮಲ್ಲ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಊರಿಗೆ ಇದ್ದದ್ದು ಒಂದೇ ಕೆರೆ. ಅದರ ನೀರು ತಮ್ಮ ಹೊಲಕ್ಕೆ ನುಗ್ಗುತ್ತದೆಂದು ಮೇಲೂರಿನವರು ತಕರಾರು ತೆಗೆದರು. ಏರಿ ಮೊನ್ನೆ ಮೊನ್ನೆ ಹಾಕಿದ್ದು, ಒಡೆಯಿರಿ ಎಂದರು. ನಮ್ಮ ಮುತ್ತಾತಂದಿರು ಕಟ್ಟಿದ್ದು ಎಂದ ರೈತ. ಹಳೆಯದಾದರೆ ಉಳಿಯಲಿ, ಹೊಸದಾದರೆ ಹೋಗಲಿ ಎಂದು ಎರಡೂ ಊರಿನ ಹಿರಿಯರು ಒಪ್ಪಿ, ಮಣ್ಣಿನ ವಯಸ್ಸು ಹೇಳುವ ಪಂಡಿತನೊಬ್ಬನನ್ನು ಕರೆಸಿದರು.

ಪಂಡಿತ ಏರಿಯ ಬುಡ ಅಗೆಸಿ, ಕಬ್ಬಿಣದ ಕೊಳವೆ ಬಡಿದು ಅದರೊಳಗೆ ಮರಳು ತುಂಬಿಸಿದ. ಎರಡೂ ಬಾಯಿ ಮುಚ್ಚಿ ಕರಿಬಟ್ಟೆ ಸುತ್ತಿದ. “ಏರಿ ಕಟ್ಟಿದಾಗ ಅಡಿಗೆ ಹುದುಗಿದ ಈ ಮರಳು ಬಿಸಿಲು ಕಂಡು ಎಷ್ಟು ವರ್ಷವಾಯಿತೆಂದು ಇದರೊಳಗೇ ಗುರುತಿದೆ. ಬೆಳಕು ತಾಗಿದರೆ ಅಳಿಸಿಹೋಗುತ್ತದೆ. ನಾಳೆ ನೀವೇ ಪಟ್ಟಣಕ್ಕೆ ತಂದುಕೊಡಿ,” ಎಂದು ಅದನ್ನು ರೈತನ ಕೈಗೇ ಕೊಟ್ಟ.

ರೈತನಿಗೆ ಸಮಾಧಾನವಿಲ್ಲ. ಪಂಡಿತ ಮೇಲೂರಿನಲ್ಲಿ ಮಜ್ಜಿಗೆ ಕುಡಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. “ನಮ್ಮ ಕೆರೆ ಮರಳು ನಾವೇ ನೋಡಬಾರದು ಅಂದ್ರೆ ಏನೋ ಮಸಲತ್ತು ಇದೆ ಕಣೇ,” ಎಂದ ಹೆಂಡತಿಗೆ.

“ಬಿಚ್ಚಬೇಡಿ ಅಂತ ಹೇಳವ್ರಲ್ಲ, ಸುಮ್ನಿರಿ,” ಎಂದಳು ಅವಳು.

ಸುಮ್ಮನಿರುವ ಜಾಯಮಾನ ಅವನದಲ್ಲ. ಮಧ್ಯಾಹ್ನ ಅಂಗಳದಲ್ಲಿ ಕೊಳವೆ ಬಿಚ್ಚಿ, ಮರಳನ್ನು ಮೊರಕ್ಕೆ ಸುರಿದು, ಕಾಳು ನೋಡುವಂತೆ ಕೈಯಾಡಿಸಿದ. ತಮ್ಮ ಕೆರೆಯದೇ. ಒಂದು ಹರಳೂ ಚೆಲ್ಲದಂತೆ ತಿರುಗಿ ತುಂಬಿ, ಮೊದಲಿನಂತೆಯೇ ಬಟ್ಟೆ ಸುತ್ತಿದ. ಆ ದಿನ ನೆಮ್ಮದಿಯಾಗಿ ಉಂಡು, ಮರುದಿನ ಪಟ್ಟಣಕ್ಕೆ ಒಯ್ದುಕೊಟ್ಟ.

ತಿಂಗಳ ಮೇಲೆ ಉತ್ತರ ಬಂತು. ಈ ಮರಳು ಇತ್ತೀಚೆಗಷ್ಟೇ ಬಿಸಿಲು ಕಂಡಿದೆ, ಹಳೆಯದೆನ್ನಲು ಆಧಾರವಿಲ್ಲ. ಪಂಡಿತನಿಗೇ ಇದು ಸರಿಕಾಣಲಿಲ್ಲ. ಮತ್ತೊಮ್ಮೆ ಮರಳು ತೆಗೆಯುತ್ತೇನೆಂದು ಓಡಿಬಂದ. ಮೇಲೂರಿಗೆ ಮಾರಿಕೊಂಡವನು ನಮ್ಮ ಏರಿ ಮುಟ್ಟಕೂಡದು ಎಂದು ರೈತ ಅಡ್ಡ ನಿಂತ. ಕೊನೆಗೆ ಹಿರಿಯರು ಕೊಟ್ಟ ಮಾತಿನಂತೆ ಏರಿ ಒಡೆಸಿದರು. ಎರಡು ದಿನ ನೀರು ಹರಿದುಹೋಯಿತು. ದಂಡೆಯ ಮೇಲೆ ನಿಂತು ಊರಿಗೆ ಊರೇ ಅತ್ತಿತು.

“ಆ ರೈತನಿಗೆ ತನ್ನ ತಪ್ಪು ಗೊತ್ತಾಗಲೇ ಇಲ್ಲವೇ?” ಎಂದು ಗಿರಿಮಲ್ಲ ಕೇಳಿದ.

ಗುರುಗಳೆಂದರು: “ಪಂಡಿತ ಮೋಸಗಾರನೆಂದು ತನಗೆ ಮೊದಲೇ ಗೊತ್ತಿತ್ತೆಂದು ಅವನು ಇಂದಿಗೂ ಕಂಡವರಿಗೆಲ್ಲ ಹೇಳುತ್ತಾನೆ.”