ಕುಂಕುಮ ಹಚ್ಚಿದ ತೋಪು

"ಗುರುಗಳೇ, ನಮ್ಮವರೇ ಪ್ರೀತಿಯಿಂದ ಮಾಡಿದ್ದನ್ನು ನಾವೇ ಅನುಮಾನಿಸಿದರೆ ಅದು ಅವಮಾನವಲ್ಲವೇ?" ಎಂದು ಶಿಷ್ಯ ಕೇಳಿದ.

ಅವನು ಹಾಗೆ ಕೇಳಲು ಕಾರಣವಿತ್ತು. ಮಠದ ಮುಂದೆ ಒಂದು ಹೊಳೆ. ದಾಟಬೇಕೆಂದರೆ ಆಚೆ ದಡದ ಅಂಬಿಗನ ದೋಣಿಗೆ ಕಾಯಬೇಕಿತ್ತು. ಆ ವರ್ಷ ಶಿಷ್ಯರೇ ಸೇರಿ ಒಂದು ದೋಣಿ ಕಟ್ಟಿ, ಪೂಜೆಯನ್ನೂ ಮುಗಿಸಿದ್ದರು. ಜನರನ್ನು ಹತ್ತಿಸುವ ಮೊದಲು ಅದಕ್ಕೆ ಕಲ್ಲು ತುಂಬಿ, ಒಂದು ದಿನ ಹೊಳೆಯ ನಡುವೆ ನಿಲ್ಲಿಸಿ ನೋಡಿ ಎಂದು ಗುರುಗಳು ಹೇಳಿದ್ದರು. ಪೂಜೆಯಾದ ದೋಣಿಗೆ ಕಲ್ಲು ತುಂಬುವುದೇ ಎಂದು ಶಿಷ್ಯರು ಮುಖ ಊದಿಸಿಕೊಂಡಿದ್ದರು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕೂತುಕೋ ಎಂದು ಹೇಳಿ ಕತೆ ಶುರುಮಾಡಿದರು.

ಒಂದು ರಾಜ್ಯಕ್ಕೆ ಸ್ವಂತ ತೋಪು ಇರಲಿಲ್ಲ. ಕಡಲಾಚೆಯ ವ್ಯಾಪಾರಿಗಳು ತಂದು ಮಾರಿದ ತೋಪುಗಳನ್ನೇ ಕೋಟೆಯ ಮೇಲೆ ಇಟ್ಟುಕೊಂಡಿದ್ದರು. ಅವು ಕೋಟೆ ಬಿಟ್ಟು ಕದಲುವಂಥವಲ್ಲ. ಶತ್ರು ಬರುತ್ತಿದ್ದದ್ದು ದೂರದ ಬೆಟ್ಟಗಳ ನಡುವಿನ ಕಣಿವೆಯಿಂದ. ಎತ್ತು ಕಟ್ಟಿ ಎಳೆದೊಯ್ಯುವಂಥ ತೋಪು ಕೊಡಿ ಎಂದು ಕೇಳಿದರೆ ವ್ಯಾಪಾರಿಗಳು ಮುಂದಿನ ಹಡಗಿಗೆ ನೋಡೋಣ ಎನ್ನುತ್ತಿದ್ದರು. ಆ ಮುಂದಿನ ಹಡಗು ಬರಲೇ ಇಲ್ಲ.

ಕೋಟೆಯ ಊರಿನಲ್ಲಿ ಒಬ್ಬ ಎರಕದವನಿದ್ದ. ದೇವಸ್ಥಾನದ ಗಂಟೆಗಳನ್ನು ಎರಕ ಹೊಯ್ಯುವುದು ಅವನ ಕಸುಬು. ತೋಪನ್ನು ನಾನು ಮಾಡಿಕೊಡುತ್ತೇನೆ ಎಂದು ಅವನು ಅರಸನ ಮುಂದೆ ನಿಂತ. ಅರಸ ಒಪ್ಪಿದ. ಮಂತ್ರಿ ಮಾತ್ರ ನಕ್ಕ. ಮಂತ್ರಿ ನಕ್ಕದ್ದು ಕಂಡು ಸಭೆ ನಕ್ಕಿತು. ಗಂಟೆ ಮಾಡುವವನು ತೋಪು ಮಾಡುತ್ತಾನಂತೆ ಎಂದು ಪೇಟೆಯೆಲ್ಲ ಆಡಿಕೊಂಡಿತು.

ಕೆಲಸಕ್ಕೆ ಆರು ವರ್ಷ ಹಿಡಿಯಿತು. ಮೊದಲ ಎರಕದ ನಳಿಗೆಯೊಳಗೆ ಗುಳ್ಳೆಗಳು ಕಂಡವು. ಎರಕದವನು ಅದನ್ನು ಕರಗಿಸಿಬಿಟ್ಟ. ಎರಡನೆಯದನ್ನು ಹಾರಿಸಿ ನೋಡಲು ಸೇನೆಯಿಂದ ಒಬ್ಬ ತೋಪಿನಾಳು ಬಂದ. ಉದ್ದನೆಯ ಬತ್ತಿ ಇಟ್ಟು, ಮಣ್ಣಿನ ಗೋಡೆಯ ಹಿಂದೆ ಕೂತು ಹಚ್ಚಿದ. ನಳಿಗೆ ಸೀಳಿಹೋಯಿತು. ಎರಕದವನು ತಲೆಯ ಮೇಲೆ ಕೈಹೊತ್ತು ಕೂತ. ತೋಪಿನಾಳು ಪಕ್ಕದಲ್ಲಿ ಕೂತು ಅವನಿಗೆ ಎಲೆಯಡಿಕೆ ಕೊಟ್ಟು, "ಇಲ್ಲಿ ಒಡೆದದ್ದು ಒಳ್ಳೆಯದೇ ಆಯಿತು ಬಿಡಪ್ಪ" ಎಂದ. ಆ ರಾಜ್ಯದಲ್ಲಿ ತೋಪಿನ ವಿಷಯ ಬಲ್ಲವರು ಇವರಿಬ್ಬರೇ.

ಮೂರನೆಯ ಎರಕ ಸರಿಯಾಗಿ ಬಂತು. ತೋಪನ್ನು ಎಂಟು ಜೋಡಿ ಎತ್ತು ಎಳೆಯುವ ಗಾಡಿಯ ಮೇಲೆ ಕೂರಿಸಿದರು. ಇನ್ನು ಪರೀಕ್ಷೆ ಆಗಬೇಕು. ಹತ್ತು ದಿನ ಕಲ್ಲುದಾರಿಯಲ್ಲಿ ಎಳೆಸಬೇಕು. ಆಮೇಲೆ ಯುದ್ಧದಲ್ಲಿ ಹಾಕುವುದರ ಒಂದೂವರೆ ಪಾಲು ಮದ್ದು ತುಂಬಿ ಹಾರಿಸಬೇಕು. ಕೊನೆಗೆ ನಳಿಗೆಯ ಮೈಗೆಲ್ಲ ಸುಣ್ಣ ಬಳಿದು, ಒಳಗೆ ನೀರು ತುಂಬಿ, ಬಾಯಿಗೆ ಬೆಣೆ ಬಡಿಯಬೇಕು. ಸುಣ್ಣ ಎಲ್ಲಿ ಒದ್ದೆಯಾಗುತ್ತದೋ ಅಲ್ಲಿ ಬಿರುಕು ಇದೆ ಎಂದು ಲೆಕ್ಕ. ಕಣ್ಣಿಗೆ ಬೀಳದ ಬಿರುಕೂ ಹೀಗೆ ಗೊತ್ತಾಗುತ್ತದೆ. ಗಂಟೆಗಳನ್ನೂ ಎರಕದವನು ಹೀಗೆಯೇ ನೋಡುತ್ತಿದ್ದ.

ಹತ್ತು ದಿನ ಎಳೆಸಿದ್ದಾಯಿತು. ತೋಪು ಊರಿಗೆ ಮರಳಿದ ದಿನ ಬೀದಿಯಲ್ಲಿ ಜನ ಕಿಕ್ಕಿರಿದಿದ್ದರು. ಆರು ವರ್ಷ ನಕ್ಕಿದ್ದ ಮಂತ್ರಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಇದು ನಮ್ಮ ಮಣ್ಣಿನ ತೋಪು ಎಂದು ಕಣ್ಣೀರು ಹಾಕಿದ. ಅಲ್ಲಿಯೇ ಅದಕ್ಕೆ ರಣದುರ್ಗಿ ಎಂದು ಹೆಸರಿಟ್ಟ. ಪುರೋಹಿತರು ಬಂದರು. ತೋಪಿನ ಬಾಯಿಯಿಂದ ಬುಡದವರೆಗೆ ಎಣ್ಣೆ ಸವರಿ ಕುಂಕುಮ ಮೆತ್ತಿದರು. ಮುತ್ತೈದೆಯರು ಆರತಿ ಎತ್ತಿದರು. ಕಾಲು ಪಾಲು ಮದ್ದು ಹಾಕಿ ಒಂದು ಗುಂಡು ಹಾರಿಸಿದರು. ದೊಡ್ಡ ಸದ್ದಾಯಿತು, ಹೊಗೆ ಬಂತು, ಜನ ಜಯಕಾರ ಹಾಕಿದರು. ಪರೀಕ್ಷೆ ಮುಗಿಯಿತು ಎಂದು ಮಂತ್ರಿ ಸಾರಿದ.

ಎರಕದವನು ಮುಂದೆ ಬಂದ. "ಪರೀಕ್ಷೆ ಮುಗಿದಿಲ್ಲ ಸ್ವಾಮಿ. ಕುಂಕುಮ ತೊಳೆದು ಸುಣ್ಣ ಬಳಿಯಬೇಕು. ಮದ್ದು ಇನ್ನೂ ಪೂರ್ತಿ ಹಾಕಿಲ್ಲ" ಎಂದ.

"ದೇವಿಯ ಕುಂಕುಮ ಒರೆಸುವುದೇ? ಎಂಥ ಅಮಂಗಳದ ಮಾತು. ಕಡಲಾಚೆಯವರು ಆಡಬೇಕಾದ್ದನ್ನು ನೀನು ಆಡುತ್ತಿದ್ದೀಯಲ್ಲ, ಅವರ ಕಡೆಯವನೇನು ನೀನು?" ಎಂದ ಮಂತ್ರಿ.

ಆರು ವರ್ಷ ಕುಲುಮೆಯ ಮುಂದೆ ಬೆಂದವನಿಗೆ ಈ ಮಾತು. ಹೇಳಿದವನಾದರೋ ಅದುವರೆಗೆ ಒಂದು ಮೊಳೆಯನ್ನೂ ಬಡಿದವನಲ್ಲ. ಅರಸ ಎಲ್ಲವನ್ನೂ ಕೇಳಿಸಿಕೊಂಡರೂ ಮಂತ್ರಿಯನ್ನು ತಡೆಯಲಿಲ್ಲ. ಜನ ಎರಕದವನನ್ನು ದುರುಗುಟ್ಟಿ ನೋಡಿದರು. ಅವನು ತಲೆ ತಗ್ಗಿಸಿ ಮನೆಗೆ ಹೋದ.

ಮೂರು ತಿಂಗಳಿಗೆ ಶತ್ರುಗಳು ಕಣಿವೆಗೆ ಬಂದರು. ರಣದುರ್ಗಿ ಹೊರಡಲಿ ಎಂದು ಅಪ್ಪಣೆಯಾಯಿತು. ಹೊರಡುವ ಮುನ್ನ ತೋಪಿನಾಳು ಎರಕದವನ ಮನೆಗೆ ಬಂದ.

"ಇದು ಎಷ್ಟು ಮದ್ದು ತಡೆಯುತ್ತದೆ?" ಎಂದು ಕೇಳಿದ.

"ಗೊತ್ತಿಲ್ಲ. ನೋಡುವುದಕ್ಕೆ ಬಿಡಲಿಲ್ಲ."

ತೋಪಿನಾಳು, ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ ಎಂದು ಹೇಳಿ ಹೊರಟ.

ಕಣಿವೆಯಲ್ಲಿ ಕಾಲು ಪಾಲು ಮದ್ದಿಗೆ ಗುಂಡು ಶತ್ರುಗಳನ್ನು ಮುಟ್ಟಲಿಲ್ಲ. ಅರ್ಧ ಪಾಲಿಗೂ ಮುಟ್ಟಲಿಲ್ಲ. ಪೂರ್ತಿ ಹಾಕು ಎಂದು ಸೇನಾಪತಿ ಕೂಗಿದ. ರಣರಂಗದಲ್ಲಿ ಉದ್ದನೆಯ ಬತ್ತಿ ಎಲ್ಲಿಯದು, ಮಣ್ಣಿನ ಗೋಡೆ ಎಲ್ಲಿಯದು? ತೋಪಿನಾಳು ಪಕ್ಕದಲ್ಲೇ ನಿಂತು ಬೆಂಕಿ ಕೊಟ್ಟ. ಮೊದಲ ಗುಂಡು ಗುರಿ ಮುಟ್ಟಿತು. ಎರಡನೆಯ ಗುಂಡಿಗೆ ನಳಿಗೆ ಸಿಡಿಯಿತು. ತೋಪಿನಾಳು ಸತ್ತ. ಜೊತೆಗಿದ್ದ ಇಬ್ಬರು ಸತ್ತರು. ಸೇನೆ ಹಿಂದೆ ಸರಿಯಿತು, ಕಣಿವೆ ಕೈತಪ್ಪಿತು.

ಇಷ್ಟಾದ ಮೇಲಾದರೂ ಬುದ್ಧಿ ಬಂತೇ? ನನಗೆ ಸಿಟ್ಟು ಬರುವುದು ಇಲ್ಲಿ ಎಂದರು ಗುರುಗಳು. ಎರಕದವನು ಆಡಿದ ಅಪಶಕುನದ ಮಾತಿನಿಂದಲೇ ಹೀಗಾಯಿತು ಎಂದ ಮಂತ್ರಿ. ತೋಪಿನ ತುಂಡುಗಳನ್ನು ಗಾಡಿಯಲ್ಲಿ ತರಿಸಿದ. ಒಂದು ಮಂಟಪ ಕಟ್ಟಿಸಿ ಅವನ್ನು ಇಡಿಸಿದ. ರಣದುರ್ಗಿ ನಮಗಾಗಿ ಪ್ರಾಣ ಕೊಟ್ಟಳು ಎಂದು ದಿನವೂ ಪೂಜೆ ನಡೆಸಿದ. ಪ್ರಾಣ ಕೊಟ್ಟ ಮೂವರ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಒಂದು ದಿನ ಅರಸ ಪೂಜೆಗೆ ಬಂದಿದ್ದ. ಎರಕದವನು ಮಂಟಪದೊಳಗೆ ಹೋಗಿ ಒಂದು ತುಂಡನ್ನು ಎತ್ತಿಕೊಂಡು ಅರಸನ ಮುಂದೆ ಹಿಡಿದ.

"ಒಡೆದ ಅಂಚನ್ನು ನೋಡಿ ಪ್ರಭು. ಹೊಳೆಯುವ ಭಾಗ ಯುದ್ಧದ ದಿನ ಒಡೆದದ್ದು. ಈ ಕಪ್ಪಾದ ಬೆರಳಗಲ ಅದಕ್ಕಿಂತ ಮೊದಲೇ ಬಿರಿದದ್ದು, ಕಲ್ಲುದಾರಿಯಲ್ಲಿ ಎಳೆದಾಗ. ತಪ್ಪು ನನ್ನ ಎರಕದ್ದೇ, ನಾನು ಇಲ್ಲವೆನ್ನುವುದಿಲ್ಲ. ಸುಣ್ಣ ಬಳಿದಿದ್ದರೆ ಅಂದೇ ಕಾಣುತ್ತಿತ್ತು. ಮೂರನೆಯದನ್ನೂ ಕರಗಿಸುತ್ತಿದ್ದೆ, ನಾಲ್ಕನೆಯದನ್ನು ಮಾಡುತ್ತಿದ್ದೆ. ಆ ತೋಪಿನಾಳು ಬದುಕಿರುತ್ತಿದ್ದ."

ಅರಸ ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಹೊರಮೈಯಲ್ಲಿ, ಸರಿಯಾಗಿ ಆ ಬಿರುಕಿನ ಮೇಲೆ, ಎಣ್ಣೆಯಲ್ಲಿ ಕಲೆಸಿದ ಕುಂಕುಮ ಗಟ್ಟಿಯಾಗಿ ಕೂತಿತ್ತು.

"ಅದನ್ನು ಕೆಳಗಿಡಿ ಪ್ರಭು, ಆರತಿಗೆ ಹೊತ್ತಾಯಿತು" ಎಂದ ಮಂತ್ರಿ.

ತೋಪಿನಾಳಿನ ಹೆಂಡತಿ ಜನರ ನಡುವೆ ನಿಂತಿದ್ದಳು. ಅವಳು ದನಿ ಏರಿಸಲಿಲ್ಲ. "ತೋಪಿನ ಕುಂಕುಮ ಒರೆಸಬಾರದು ಅಂದಿರಂತೆ. ನನ್ನ ಹಣೇದು ಒರೆಸೋವಾಗ ನಿಮ್ಮಲ್ಲಿ ಒಬ್ಬರಾದರೂ ಬೇಡ ಅಂದಿರಾ?" ಎಂದಳು.

ಅರಸ ತುಂಡನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಮಂತ್ರಿ ಪುರೋಹಿತರಿಗೆ ಕಣ್ಸನ್ನೆ ಮಾಡಿದ. ಅವರು ಜಾಗಟೆ ಬಾರಿಸತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು. ಅವರ ಮುಖ ಕೆಂಪಾಗಿತ್ತು. ಆದರೂ ಶಿಷ್ಯನ ಮನಸ್ಸು ಒಪ್ಪಲಿಲ್ಲ.

"ಅವರದು ತಪ್ಪೇ ಗುರುಗಳೇ. ಆದರೆ ನಮ್ಮ ದೋಣಿಯ ಮಾತು ಬೇರೆ. ನಾವು ಅದನ್ನು ಶ್ರದ್ಧೆಯಿಂದ ಕಟ್ಟಿದ್ದೇವೆ. ಕಲ್ಲು ತುಂಬಿ ನೋಡುವ ಅಗತ್ಯ ಕಾಣುವುದಿಲ್ಲ."

"ಹಾಗಾದರೆ ಕಲ್ಲು ಬೇಡ, ನಾಳೆ ಮೊದಲು ನಿನ್ನ ತಾಯಿಯನ್ನು ಕೂರಿಸು" ಎಂದರು ಗುರುಗಳು.

ಶಿಷ್ಯ ಎದ್ದು ಕಲ್ಲು ಆರಿಸಲು ಹೊಳೆಯ ದಡಕ್ಕೆ ಹೋದ.