ಎರಡು ಬೆರಳಿನ ಕಣ್ಣು

“ಗುರುಗಳೇ, ಬರುವ ಹುಣ್ಣಿಮೆಗೆ ನನ್ನ ಶಾಲೆ ಶುರುವಾಗುತ್ತದೆ. ಬೆಳಿಗ್ಗೆ ಅಕ್ಷರ, ಆಮೇಲೆ ಲೆಕ್ಕ, ಮಧ್ಯಾಹ್ನ ಕೈಕಸುಬು ಎಂದು ಗೊತ್ತುಮಾಡಿದ್ದೇನೆ. ನೆಲ, ನೀರು, ಮರಗಳನ್ನು ಮುಂದಿನವರಿಗೂ ಉಳಿಸಬೇಕೆಂಬ ಪಾಠಕ್ಕೆ ಸಂಜೆ ಸ್ವಲ್ಪ ಹೊತ್ತು ಇಟ್ಟಿದ್ದೇನೆ. ಅಷ್ಟು ಸಾಕೇ?”

ಶಿಷ್ಯ ಹೀಗೆ ಕೇಳಿದ. ಅವನು ಜಗಲಿಯ ಮೆಟ್ಟಿಲ ಮೇಲೆ, ಗುರುಗಳು ಆ ವರ್ಷ ನೆಟ್ಟು ನೀರೆರೆಯುತ್ತಿದ್ದ ಹೊಂಗೆಯ ಸಸಿಯ ಪಕ್ಕ ಕುಳಿತಿದ್ದ. ಗುರುಗಳು ಸಾಕು ಎನ್ನಲಿಲ್ಲ, ಸಾಲದು ಎನ್ನಲಿಲ್ಲ. ಕತೆ ಹೇಳಿದರು.

ಒಂದು ಹೊಳೆ. ಹೊಳೆಯ ದಡದಲ್ಲಿ ಒಂದು ಊರು. ಆ ಊರಿಗೆ ಹೊಲವಿಲ್ಲ, ಹೊಳೆಯೇ ಅನ್ನ. ಅಲ್ಲೊಬ್ಬ ಮೀನುಗಾರನಿದ್ದ. ಅವನು ಹುಡುಗನಾಗಿದ್ದಾಗ ಬಲೆ ಹೆಣೆಯಲು ಕಲಿಸಿದವಳು ಅವನ ಅಜ್ಜಿ. ಅವಳು ಹೆಚ್ಚು ಮಾತಿನವಳಲ್ಲ. ಪ್ರತಿ ಗಂಟು ಹಾಕಿದ ಮೇಲೂ ಬಲೆಯ ಕಣ್ಣಿನಲ್ಲಿ ಎರಡು ಬೆರಳು ತೂರಿಸಿ ನೋಡುವಳು. ಬೆರಳು ಹೋಗದಿದ್ದರೆ ಗಂಟು ಬಿಚ್ಚಿಸುವಳು. ಏಕೆ ಎಂದು ಹುಡುಗ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮರಿಮೀನುಗಳು ಆ ಕಣ್ಣಿನಿಂದ ನುಸುಳಿ ಹೊಳೆಗೆ ಮರಳುತ್ತಿದ್ದವು.

ಅಜ್ಜಿ ಸತ್ತಳು. ಹುಡುಗ ಬೆಳೆದು ಮುದುಕನಾದ, ಊರ ಮಕ್ಕಳಿಗೆ ಬಲೆ ಕಲಿಸುವ ಗುರುವೂ ಆದ. ಅವನು ಜಾಣ. ಜಾಣರಿಗೆ ಇದ್ದುದನ್ನು ಇದ್ದ ಹಾಗೆ ಬಿಡಲು ಬರುವುದಿಲ್ಲ. ಬೆರಳು ತೂರಿಸುತ್ತ ಕುಳಿತರೆ ಹೆಣಿಗೆ ಸಾಗುವುದಿಲ್ಲ, ಕಣ್ಣು ಸಣ್ಣದಾದಷ್ಟೂ ಕೈಚಳಕ ಎದ್ದು ಕಾಣುತ್ತದೆ ಎಂದು ಅವನಿಗೆ ಅನ್ನಿಸಿತು. ಬೆರಳನ್ನು ಪಾಠದಿಂದ ತೆಗೆದುಹಾಕಿದ. ಆದರೆ ದೊಡ್ಡವನಾದ ಮೇಲೆ ತಾನೇ ತಿಳಿದುಕೊಂಡಿದ್ದ ಅಜ್ಜಿಯ ನೀತಿ ಮಕ್ಕಳಿಗೆ ತಪ್ಪಿಹೋಗಬಾರದಲ್ಲ? ಅದಕ್ಕೊಂದು ಪದ್ಯ ಕಟ್ಟಿದ.

ಮರಿಮೀನ ಬಿಡಬೇಕು, ತತ್ತಿಮೀನ ಬಿಡಬೇಕು,
ಮುಂದೆ ಬರುವವರ ಪಾಲ ಹೊಳೆಯಲ್ಲೇ ಇಡಬೇಕು.

ಬೆಳಿಗ್ಗೆ ಹೆಣಿಗೆ, ಸಂಜೆ ಪದ್ಯ. ಎಲ್ಲರಿಗಿಂತ ಸಣ್ಣ ಕಣ್ಣಿನ ಬಲೆ ಹೆಣೆಯುತ್ತಿದ್ದವಳು ಅವನ ಮೊಮ್ಮಗಳು. ಎಲ್ಲರಿಗಿಂತ ಇಂಪಾಗಿ ಪದ್ಯ ಹೇಳುತ್ತಿದ್ದವಳೂ ಅವಳೇ. ಮುದುಕ ಹಿಗ್ಗಿ ಹೀರೆಕಾಯಿಯಾದ.

ಬುಟ್ಟಿಗಳು ತುಂಬಿದವು. ಮಕ್ಕಳು ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕುಳಿತು ಪದ್ಯ ಹೇಳುತ್ತಿದ್ದರು. ಆಚೆ ದಡದ ಬಂಡೆ ಅದನ್ನು ತಿರುಗಿ ಹೇಳುತ್ತಿತ್ತು. ಒಂದು ಸಂಜೆ ಮಕ್ಕಳು ನಿಲ್ಲಿಸಿದ ಮೇಲೂ ಅದು ನಿಲ್ಲಲಿಲ್ಲ. ದನಿ ಬರುತ್ತಿದ್ದದ್ದು ಬಂಡೆಯಿಂದಲ್ಲ, ನೀರಿನೊಳಗಿಂದ. ಲೆಕ್ಕವಿಲ್ಲದಷ್ಟು ಎಳೆಯ ದನಿಗಳು. ಅದೇ ರಾಗ, ಅದೇ ಪದ್ಯ.

ಊರವರು ಹೆದರಲಿಲ್ಲ. “ನಮ್ಮ ಮಕ್ಳಿಂದ ಹೊಳೇನೂ ಪಾಠ ಕಲಿತುಬಿಡ್ತು” ಎಂದು ಕೈಮುಗಿದರು.

ಶಿಷ್ಯ ನಕ್ಕ. “ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಹಾಗಾಯಿತು, ಗುರುಗಳೇ. ಕಪಟಿಗಳು.”

“ಅಲ್ಲಪ್ಪಾ,” ಎಂದರು ಗುರುಗಳು. “ಕಪಟವಿದ್ದಿದ್ದರೆ ಒಳಗೆ ಎಲ್ಲಾದರೂ ಚುಚ್ಚುತ್ತಿತ್ತು. ಅವರಿಗೆ ಏನೂ ಚುಚ್ಚಲಿಲ್ಲ. ನನಗೆ ಭಯವಾಗುವುದು ಅದಕ್ಕೇ.”

ಬರಬರುತ್ತ ಬುಟ್ಟಿಗಳು ಹಗುರಾದವು. ನೀರಿನ ದನಿಗಳೂ ಕಡಿಮೆಯಾದವು. ಊರವರು ಮುದುಕನ ಬಳಿ ಬಂದು, “ಮಕ್ಳಿಗೆ ಪದ್ಯ ಸಾಲ್ತಾ ಇಲ್ಲ, ಎರಡು ಹೊತ್ತು ಹೇಳ್ಸಪ್ಪಾ” ಎಂದರು. ಮುದುಕ ಎರಡು ಹೊತ್ತು ಹೇಳಿಸಿದ. ಮೀನು ಸಾಲದೆಂದು ಬಲೆಯ ಕಣ್ಣನ್ನೂ ಇನ್ನಷ್ಟು ಸಣ್ಣದು ಮಾಡಿಸಿದ.

ಕೊನೆಗೊಂದು ಸಂಜೆ ನೀರಿನಿಂದ ಒಂದೇ ಒಂದು ದನಿ ಬಂತು. ತೀರ ಎಳೆಯದು. ಪದ್ಯವನ್ನು ಪೂರ್ತಿ ಹೇಳಿ ಸುಮ್ಮನಾಯಿತು. ಅಷ್ಟು ದಿನ ಹಾಡಿದವರು ಯಾರೆಂದು ಮುದುಕನಿಗೆ ಆಗ ಹೊಳೆಯಿತು.

ಮರುದಿನ ಬೆಳಿಗ್ಗೆ ಇಡೀ ಊರು ಬಲೆ ಎಳೆಯಿತು. ಬಂದದ್ದು ಒಂದೇ ಮರಿಮೀನು, ಕಿರುಬೆರಳಿನಷ್ಟು. ಮೊಮ್ಮಗಳು ಅದನ್ನು ಬಲೆಯಿಂದ ಬಿಡಿಸಿ ಅಂಗೈಯಲ್ಲಿ ಹಿಡಿದಳು. ಅದು ಇನ್ನೂ ಬಾಯಿ ಬಿಡುತ್ತಿತ್ತು. ಹೊಳೆಗೆ ಬಿಟ್ಟುಬಿಡು ಎಂದು ಕೂಗಲು ಮುದುಕ ಬಾಯಿ ತೆರೆದ. ಹೊರಗೆ ಬಂದದ್ದು ಪದ್ಯ. ಎಷ್ಟು ತಿಣುಕಿದರೂ ಬೇರೆ ಮಾತು ಬರಲಿಲ್ಲ. ಅಜ್ಜ ಪಾಠ ಶುರುಮಾಡಿದನೆಂದು ಮೊಮ್ಮಗಳೂ ದನಿಗೂಡಿಸಿದಳು. ಮರಿಮೀನ ಬಿಡಬೇಕು ಎಂದು ಕಣ್ಣು ಮುಚ್ಚಿ, ಭಕ್ತಿಯಿಂದ ಹಾಡುತ್ತ, ಮೀನನ್ನು ಬುಟ್ಟಿಗೆ ಹಾಕಿದಳು. ಮುಚ್ಚಳ ಮುಚ್ಚಿದಳು.

ಅಂದು ಸಂಜೆ ಮಕ್ಕಳು ಪದ್ಯ ಹೇಳಿ ಕಾದರು. ನೀರಿನಿಂದ ಏನೂ ಬರಲಿಲ್ಲ. ಆಚೆ ದಡದ ಬಂಡೆಯೂ ಮರುದನಿ ಕೊಡಲಿಲ್ಲ.

“ಅಜ್ಜಾ, ನಾವೆಲ್ಲಿ ತಪ್ಪಿದ್ವಿ?” ಎಂದು ಮೊಮ್ಮಗಳು ಕೇಳಿದಳು. “ಒಂದಕ್ಷರಾನೂ ಬಿಡ್ಲಿಲ್ವಲ್ಲ?”

ಮುದುಕ ಅವಳ ಬಲೆಯನ್ನು ಮಡಿಲಿಗೆ ಎಳೆದುಕೊಂಡ. ಅಜ್ಜಿ ಮಾಡುತ್ತಿದ್ದ ಹಾಗೆ ಅದರ ಕಣ್ಣಿನಲ್ಲಿ ಎರಡು ಬೆರಳು ತೂರಿಸಲು ನೋಡಿದ. ಉಗುರಿನ ತುದಿಯೂ ಒಳಗೆ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು.

“ಪದ್ಯ ನೆನಪಿದೆಯೇ?” ಎಂದು ಗುರುಗಳು ಕೇಳಿದರು.

ಶಿಷ್ಯ ಒಂದಕ್ಷರ ತಪ್ಪದೆ ಪೂರ್ತಿ ಹೇಳಿದ.

“ಈಗ ನಿನ್ನ ಕೈ ನೋಡಿಕೋ,” ಎಂದರು ಗುರುಗಳು.

ಶಿಷ್ಯ ನೋಡಿಕೊಂಡ. ಅಂಗೈ ತುಂಬ ಹೊಂಗೆಯ ಚಿಗುರು. ಪಕ್ಕದಲ್ಲಿ ಸಸಿ ಬರಿಯ ಕಡ್ಡಿಯಾಗಿ ನಿಂತಿತ್ತು.